ಕೂಳೆ ಕಬ್ಬಿನಲ್ಲಿ ಹೊಸ ತಳಿ: ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅಮೊರಿಮ್ ಅವರ ಮೊದಲ ಸೀಸನ್

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಸೋತರೆ ನನಗೆ ಖುಷಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅದರ ಎದುರಾಳಿ ಲಿವರ್‌ಪೂಲ್ ಕಡೆಯವನು. 2005ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್‌ನ ಫೈನಲ್ ನಡೆಯಿತಲ್ಲ, ಮಿಲಾನ್ ಎದುರು ಮೂರು ಗೋಲು ಹಿಂದಿದ್ದ ತಂಡ ತಿರುಗಿ ನಿಂತು ಕಪ್ ಗೆದ್ದ ರಾತ್ರಿ, ಅದನ್ನು ಮೈಸೂರಿನ ಹಾಸ್ಟೆಲ್ ಟಿವಿಯಲ್ಲಿ ನೋಡಿದೆ. ಅವತ್ತಿನಿಂದ ಬೇರೆ ಕ್ಲಬ್ ಕಡೆ ಮನಸ್ಸು ಹೋಗಿಲ್ಲ. ಆ ರಾತ್ರಿ ನನ್ನ ಪಕ್ಕದಲ್ಲಿ ಕೂತಿದ್ದವನು ಮಂಡ್ಯದ ಗೆಳೆಯ. ಅವನು ಯುನೈಟೆಡ್. ಇಪ್ಪತ್ತು ವರ್ಷ ಆಯ್ತು, ಈಗಲೂ ಪಕ್ಕದಲ್ಲೇ ಕೂರುತ್ತಾನೆ.

ನಾವು ಮ್ಯಾಚ್ ನೋಡುವುದು ಸರಸ್ವತಿಪುರಂನ ಒಂದು ಮಹಡಿ ಕೋಣೆಯಲ್ಲಿ. ಒಟ್ಟು ನಾಲ್ಕು ಜನ. ನಾನು, ಮಂಡ್ಯದವನು, ಒಬ್ಬ ಪಿಟಿ ಮೇಷ್ಟ್ರು, ಮಡಿಕೇರಿಯ ಒಬ್ಬ ಹುಡುಗ. ಮೇಷ್ಟ್ರು ನನ್ನ ಹಾಗೆಯೇ ಲಿವರ್‌ಪೂಲ್. ಮಡಿಕೇರಿಯವನು ಆರ್ಸೆನಲ್. ಅಂದರೆ ಯುನೈಟೆಡ್ ವಿಷಯ ಬಂದಾಗ ಮೂವರು ಒಂದು ಕಡೆ, ಅವನೊಬ್ಬ ಒಂದು ಕಡೆ.

2024ರ ನವೆಂಬರ್‌ನಿಂದ 2025ರ ಮೇ ತನಕ ನಾವು ನಾಲ್ವರೂ ಒಂದೇ ಪ್ರಶ್ನೆ ಹಿಡಿದು ಕೂತೆವು. ಪೋರ್ಚುಗಲ್‌ನಲ್ಲಿ ಅಷ್ಟು ಚೆನ್ನಾಗಿ ತಂಡ ಕಟ್ಟಿದ ಕೋಚ್ ಅಮೊರಿಮ್ ಯುನೈಟೆಡ್‌ಗೆ ಬಂದ ಕೂಡಲೇ ಯಾಕೆ ಸೋಲುತ್ತಿದ್ದಾರೆ? ಎದುರಾಳಿ ಕ್ಲಬ್ಬಿನ ಕಷ್ಟದ ಬಗ್ಗೆ ನಾನು ಇಷ್ಟು ಹೊತ್ತು ಯೋಚಿಸಿದ್ದು ಅದೇ ಮೊದಲು. ಆ ಏಳು ತಿಂಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಮೊರಿಮ್ ಬಂದದ್ದು

2024ರ ಅಕ್ಟೋಬರ್ 28ರಂದು ಯುನೈಟೆಡ್ ತನ್ನ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ತೆಗೆಯಿತು. ಆಗ ತಂಡ ಒಂಬತ್ತು ಪಂದ್ಯಗಳಲ್ಲಿ 11 ಪಾಯಿಂಟ್ ಪಡೆದು 14ನೇ ಸ್ಥಾನದಲ್ಲಿತ್ತು. ಅದೇ ಜುಲೈನಲ್ಲಿ ಅವರ ಕರಾರನ್ನು 2026ರವರೆಗೆ ಮುಂದುವರಿಸಿದ್ದರು. ಬೇಸಿಗೆಯಲ್ಲಿ ಅವರಿಗೆ ಬೇಕಾದ ಆಟಗಾರರನ್ನೂ ಕೊಡಿಸಿದ್ದರು. ನಾಲ್ಕು ತಿಂಗಳು ತುಂಬುವುದರೊಳಗೆ ಹೋಗಿ ಅಂದರು. ಈ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮಧ್ಯೆ ನಾಲ್ಕು ಪಂದ್ಯಗಳಿಗೆ ರುಡ್ ವ್ಯಾನ್ ನಿಸ್ಟೆಲ್‌ರೂಯ್ ತಂಡ ನೋಡಿಕೊಂಡರು. ಒಂದನ್ನೂ ಸೋಲಲಿಲ್ಲ. ನವೆಂಬರ್ 11ಕ್ಕೆ ರೂಬೆನ್ ಅಮೊರಿಮ್ ಅಧಿಕಾರ ವಹಿಸಿಕೊಂಡರು. ಸ್ಪೋರ್ಟಿಂಗ್ ಲಿಸ್ಬನ್‌ಗೆ ಎರಡು ಸಲ ಲೀಗ್ ಗೆದ್ದುಕೊಟ್ಟವರು, 2021ರಲ್ಲಿ ಮತ್ತು 2024ರಲ್ಲಿ. 2021ರದ್ದು ಆ ಕ್ಲಬ್ಬಿಗೆ 19 ವರ್ಷಗಳ ನಂತರ ಸಿಕ್ಕ ಲೀಗ್. ಇಂಗ್ಲೆಂಡಿಗೆ ಹೊರಡುವ ವಾರವೇ ಅವರ ಸ್ಪೋರ್ಟಿಂಗ್, ಮ್ಯಾಂಚೆಸ್ಟರ್ ಸಿಟಿಯನ್ನು 4-1ರಿಂದ ಹೊಡೆದಿತ್ತು. ಮಂಡ್ಯದವನು ಆ ಪಂದ್ಯದ ಮುಖ್ಯಾಂಶಗಳನ್ನು ನಮಗೆ ಮೂರು ಸಲ ತೋರಿಸಿದ. ನಾಲ್ಕನೇ ಸಲ ಒಬ್ಬನೇ ನೋಡಿದ.

ಸೀಸನ್ ಮುಗಿದ ಮೇಲೆ ಬರುತ್ತೇನೆ ಅಂತ ಅಮೊರಿಮ್ ಕೇಳಿಕೊಂಡಿದ್ದರು. ಈಗ ಬಂದರೆ ಬನ್ನಿ, ಇಲ್ಲದಿದ್ದರೆ ಇಲ್ಲ ಅಂತ ಕ್ಲಬ್ ಹೇಳಿತು. ಅವರೇ ಇದನ್ನು ಪತ್ರಕರ್ತರ ಮುಂದೆ ಹೇಳಿದ್ದಾರೆ.

ಕೇರಂ ಬೋರ್ಡಿನ ಮೇಲೆ

ಮೊದಲ ಪಂದ್ಯ ನವೆಂಬರ್ 24ರಂದು ಇಪ್ಸ್‌ವಿಚ್‌ನಲ್ಲಿ. ನಮಗೆ ಭಾನುವಾರ ರಾತ್ರಿ ಹತ್ತು ಗಂಟೆ. ಆಟ ಶುರುವಾಗಿ ಒಂದೂವರೆ ನಿಮಿಷ ಆಗಿರಲಿಲ್ಲ, ಅಮಾದ್ ಡಿಯಾಲೊ ಬಲಗಡೆ ಓಡಿ ಚೆಂಡು ಒಳಗೆ ಕೊಟ್ಟ, ಮಾರ್ಕಸ್ ರಾಶ್‌ಫೋರ್ಡ್ ಗೋಲು ಹೊಡೆದ. ಮಂಡ್ಯದವನ ಕೂಗಿಗೆ ಕೆಳಗಿನ ಮನೆಯ ಲೈಟ್ ಹತ್ತಿತು. ಆದರೆ ಪಂದ್ಯ ಮುಗಿದದ್ದು 1-1ರಲ್ಲಿ. ಹೊಸದಾಗಿ ಮೇಲಿನ ದರ್ಜೆಗೆ ಬಂದಿದ್ದ ಇಪ್ಸ್‌ವಿಚ್ ಬಹಳ ಹೊತ್ತು ಯುನೈಟೆಡ್‌ಗಿಂತ ಚೆನ್ನಾಗಿ ಆಡಿತು.

ಮ್ಯಾಚ್ ಮುಗಿದ ಮೇಲೆ ಮೇಷ್ಟ್ರು ಮೂಲೆಯಲ್ಲಿದ್ದ ಕೇರಂ ಬೋರ್ಡ್ ಎಳೆದುಕೊಂಡರು. ಒಂಬತ್ತು ಬಿಳಿ ಕಾಯಿ, ಜೊತೆಗೆ ರೆಡ್, ಒಟ್ಟು ಹತ್ತು. ಗೋಲ್‌ಕೀಪರ್ ಜಾಗಕ್ಕೆ ಕೇರಂ ಸ್ಟ್ರೈಕರ್. ಹನ್ನೊಂದು ಸರಿಹೋಯಿತು. ರೆಡ್ ಯಾವಾಗಲೂ ಯುನೈಟೆಡ್ ನಾಯಕ ಬ್ರೂನೋ ಫರ್ನಾಂಡಿಸ್, ಮಂಡ್ಯದವನು ಅದಕ್ಕೆ ಬೇರೆ ಯಾರ ಹೆಸರನ್ನೂ ಇಡಲು ಬಿಡುವುದಿಲ್ಲ. ಎದುರಿನ ತಂಡಕ್ಕೆ ಒಂಬತ್ತು ಕಪ್ಪು ಕಾಯಿ, ಹತ್ತನೆಯದಕ್ಕೆ ಸೋಡಾ ಬಾಟಲಿ ಮುಚ್ಚಳ.

ಅಮೊರಿಮ್ ಆಡಿಸುತ್ತಿದ್ದದ್ದು 3-4-2-1. ಹಿಂದೆ ಮೂರು ಡಿಫೆಂಡರ್‌ಗಳು. ಮಧ್ಯದಲ್ಲಿ ಇಬ್ಬರು, ಆ ಇಬ್ಬರ ಎರಡೂ ಬದಿಗೆ ಒಬ್ಬೊಬ್ಬ ವಿಂಗ್ ಬ್ಯಾಕ್. ಮುಂದೆ ಇಬ್ಬರು ಹತ್ತನೇ ನಂಬರ್, ಅಂದರೆ ಸ್ಟ್ರೈಕರ್ ಹಿಂದೆ ನಿಂತು ಆಟ ಕಟ್ಟುವವರು. ತುದಿಯಲ್ಲಿ ಗೋಲು ಹೊಡೆಯುವ ಒಬ್ಬ ಸ್ಟ್ರೈಕರ್. ಮೇಷ್ಟ್ರು ಬದಿಯ ಎರಡು ಬಿಳಿ ಕಾಯಿಗಳ ಮೇಲೆ ಬೆರಳಿಟ್ಟರು. ಚೆಂಡು ನಮ್ಮ ಹತ್ತಿರ ಇದ್ದಾಗ ಎರಡನ್ನೂ ಮೇಲಕ್ಕೆ ತಳ್ಳಿದರು, ಮುಂದೆ ಐದು ಜನ ಆದರು. ಚೆಂಡು ಹೋದ ಕೂಡಲೇ ಎರಡನ್ನೂ ಹಿಂದಕ್ಕೆ ಎಳೆದರು, ಹಿಂದೆ ಐದು ಜನ ಆದರು. ಹೀಗೆ ಮೇಲೆ ಕೆಳಗೆ ನಾಲ್ಕೈದು ಸಲ ಮಾಡಿದರು. ಬೋರ್ಡಿನ ಪೌಡರ್ ಮೇಲೆ ಎರಡು ಬದಿಗೂ ಉದ್ದ ಗೆರೆ ಬಿತ್ತು.

"ಈ ಗೆರೆಯಲ್ಲಿ ತೊಂಬತ್ತು ನಿಮಿಷ ಓಡುವವರು ಯಾರಿದ್ದಾರೆ ಹೇಳು" ಅಂದರು.

ಮಂಡ್ಯದವನು ಸುಮ್ಮನಾದ. ಯಾಕೆಂದರೆ ಇರಲಿಲ್ಲ. ಎಡಕ್ಕೆ ಆಡಬೇಕಿದ್ದ ಲ್ಯೂಕ್ ಶಾ ಸೀಸನ್‌ನ ಬಹುಪಾಲು ಗಾಯದಲ್ಲೇ ಇದ್ದ. ಬಲಗಾಲಿನ ಡಿಯೊಗೊ ಡಾಲೊಟ್‌ನನ್ನು ಎಡಕ್ಕೆ ಹಾಕಿದರು. ಅವನು ಪ್ರತಿ ಸಲವೂ ಚೆಂಡನ್ನು ನಿಲ್ಲಿಸಿ, ಬಲಗಾಲಿಗೆ ತಂದುಕೊಂಡು, ಆಮೇಲೆ ಕ್ರಾಸ್ ಹಾಕಬೇಕು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಒದೆಯಬೇಕು. ಅಷ್ಟರಲ್ಲಿ ಎದುರಾಳಿಗಳೆಲ್ಲ ತಮ್ಮ ಜಾಗಕ್ಕೆ ಬಂದಿರುತ್ತಾರೆ. ಬಲಕ್ಕೆ ವಿಂಗರ್ ಆದ ಅಮಾದ್. ಇನ್ನು ರಾಶ್‌ಫೋರ್ಡ್, ಗರ್ನಾಚೊ, ಆಂಟನಿ ಎಲ್ಲರೂ ಗೆರೆಗೆ ಅಂಟಿಕೊಂಡು ಆಡಿ ಬೆಳೆದ ವಿಂಗರ್‌ಗಳು. ಈ ಫಾರ್ಮೇಶನ್‌ನಲ್ಲಿ ವಿಂಗರ್‌ಗೆ ಜಾಗವೇ ಇಲ್ಲ. ಒಳಗೆ ಬಂದು ಹತ್ತನೇ ನಂಬರ್ ಆಗಬೇಕು, ಇಲ್ಲವೇ ಹಿಂದೆ ಓಡಿ ವಿಂಗ್ ಬ್ಯಾಕ್ ಆಗಬೇಕು.

ಆಗ ಮಂಡ್ಯದವನು ಒಂದು ಮಾತು ಹೇಳಿದ. ಅದನ್ನು ನಾನು ಇಡೀ ಸೀಸನ್ ಮರೆಯಲಿಲ್ಲ.

"ಇದು ಕೂಳೆ ಕಬ್ಬು ಕಣ್ರೋ."

ಅವರ ಮನೆಯದು ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆ. ಕಬ್ಬು ಬೆಳೆಯುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲ ಸಲ ಬಿತ್ತನೆ ತುಂಡು ನಾಟಿ ಮಾಡಿ ಬೆಳೆದದ್ದು ತನಿ ಬೆಳೆ. ಅದನ್ನು ಕಡಿದ ಮೇಲೆ ಅದೇ ಬುಡದಿಂದ ಚಿಗುರುವುದು ಕೂಳೆ. ಕೂಳೆಗೆ ಗೊಬ್ಬರ ಹಾಕಬಹುದು, ನೀರು ಬಿಡಬಹುದು, ಬುಡ ಸವರಬಹುದು. ತಳಿ ಬದಲಾಯಿಸೋಕಾಗಲ್ಲ. ಬುಡದಲ್ಲಿ ಕೋ 62175 ಇದ್ದರೆ ಕೋ 62175 ಬರುತ್ತದೆ. ವಿ.ಸಿ. ಫಾರಂನ ವಿಸಿಎಫ್ 0517 ಬೇಕು ಅಂದರೆ ಹೊಲ ಉಳಬೇಕು, ಹೊಸದಾಗಿ ನಾಟಿ ಹಾಕಬೇಕು, ವರ್ಷ ಕಾಯಬೇಕು.

"ಟೆನ್ ಹಾಗ್ ನಾಟಿ ಹಾಕಿದ ಗದ್ದೆ ಇದು. ಈ ಮನುಷ್ಯ ಕೂಳೆಯಲ್ಲಿ ಬಂದವ್ನೆ. ಬೇರೆ ತಳಿ ಬೆಳಿ ಅಂತ ಕೂರಿಸವ್ರೆ."

ಡಿಸೆಂಬರ್

ಆ ತಿಂಗಳು ಯುನೈಟೆಡ್ ಲೀಗ್‌ನಲ್ಲೇ ಐದು ಪಂದ್ಯ ಸೋತಿತು. ಆರ್ಸೆನಲ್ 2-0, ಎರಡೂ ಗೋಲು ಕಾರ್ನರ್‌ನಿಂದ. ಮಡಿಕೇರಿ ಹುಡುಗ ಅವತ್ತು ನಮಗೆಲ್ಲ ಟೀ ಕುಡಿಸಿದ. ಆಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್, ಬೋರ್ನ್‌ಮತ್, ವುಲ್ವ್ಸ್, ನ್ಯೂಕ್ಯಾಸಲ್. ವುಲ್ವ್ಸ್ ಎದುರು ಮತ್ಹೇಯಸ್ ಕುನ್ಯಾ ಕಾರ್ನರ್‌ನಿಂದ ನೇರವಾಗಿ ಗೋಲಿನೊಳಗೆ ಹಾಕಿದ. ಮಧ್ಯದಲ್ಲಿ ಒಂದೇ ಒಂದು ಬೆಳಕು: ಡಿಸೆಂಬರ್ 15ರಂದು ಸಿಟಿ ಮೈದಾನದಲ್ಲಿ, 88ನೇ ನಿಮಿಷದವರೆಗೆ ಸೋಲುತ್ತಿದ್ದವರು ಬ್ರೂನೋ ಪೆನಾಲ್ಟಿ ಮತ್ತು ಅಮಾದ್ ಗೋಲಿನಿಂದ 2-1ಕ್ಕೆ ಗೆದ್ದರು. ಅವತ್ತು ರಾಶ್‌ಫೋರ್ಡ್ ಮತ್ತು ಗರ್ನಾಚೊ ಇಬ್ಬರನ್ನೂ ತಂಡದಿಂದಲೇ ಹೊರಗಿಟ್ಟಿದ್ದರು.

ನಾನು ಹೇಳಬೇಕಾದದ್ದು ನ್ಯೂಕ್ಯಾಸಲ್ ಪಂದ್ಯದ ಬಗ್ಗೆ. ಡಿಸೆಂಬರ್ 30, ಓಲ್ಡ್ ಟ್ರಾಫರ್ಡ್. ನಮಗೆ ರಾತ್ರಿ ಒಂದೂವರೆಗೆ ಶುರು. ಮೈಸೂರಿನಲ್ಲಿ ಚಳಿ. ಮೇಷ್ಟ್ರು ಮಂಕಿ ಟೋಪಿ ಹಾಕಿಕೊಂಡೇ ಕೂತಿದ್ದರು.

ಬ್ರೂನೋ ಮತ್ತು ಉಗಾರ್ಟೆ ಇಬ್ಬರಿಗೂ ಅಮಾನತು. ಮಧ್ಯದಲ್ಲಿ ಕಾಸೆಮಿರೊ ಮತ್ತು ಎರಿಕ್ಸನ್. ಇಬ್ಬರಿಗೂ 32 ವರ್ಷ. ಎದುರಿಗೆ ಟೊನಾಲಿ, ಬ್ರೂನೋ ಗಿಮರೇಸ್, ಜೋಲಿಂಟನ್, ಮೂವರು. ಇಬ್ಬರ ಎದುರು ಮೂವರು ಅಂದರೆ ಯಾವಾಗಲೂ ಒಬ್ಬ ಖಾಲಿ ಸಿಗುತ್ತಾನೆ. ಎರಡೂ ಗೋಲು ಎಡಬದಿಯ ಕ್ರಾಸ್‌ನಿಂದ, ಎರಡೂ ತಲೆಯಿಂದ. 4ನೇ ನಿಮಿಷಕ್ಕೆ ಇಸಾಕ್, 19ಕ್ಕೆ ಜೋಲಿಂಟನ್. ಮಧ್ಯದಲ್ಲಿ ಖಾಲಿ ನಿಂತವನನ್ನು ಹಿಡಿಯಲು ಯಾರಾದರೂ ಜಾಗ ಬಿಟ್ಟು ಬರುತ್ತಿದ್ದರು, ಬದಿ ತೆರೆದುಕೊಳ್ಳುತ್ತಿತ್ತು, ಕ್ರಾಸ್ ಬರುತ್ತಿತ್ತು. ಕೇರಂ ಬೋರ್ಡಿನಲ್ಲಿ ನಾವು ಹೆದರಿದ್ದು ಟಿವಿಯಲ್ಲಿ ಕಣ್ಣೆದುರು ಆಗುತ್ತಿತ್ತು.

33ನೇ ನಿಮಿಷಕ್ಕೆ ಅಮೊರಿಮ್ ಮುಂದೆ ಆಡುವ ಒಬ್ಬನನ್ನು ತೆಗೆದು ಮಧ್ಯಕ್ಕೆ ಕೋಬಿ ಮೈನೂನನ್ನು ಹಾಕಿದರು. ಲೆಕ್ಕ ಸರಿ. ಇಬ್ಬರನ್ನು ಮೂವರು ಮಾಡಬೇಕಿತ್ತು. ಆದರೆ ಹೊರಗೆ ಬಂದದ್ದು ಜೋಶುವಾ ಜಿರ್ಕ್‌ಜಿ. ಅವನ ನಂಬರ್ ಬೋರ್ಡ್ ಮೇಲೆ ಬಂದ ಕೂಡಲೇ ತಮ್ಮದೇ ಮೈದಾನದ ಜನ ಕೂಗಿ ಖುಷಿಪಟ್ಟರು, ಅವನನ್ನು ಹೀಯಾಳಿಸಿದರು. ಹುಡುಗನಿಗೆ 23 ವರ್ಷ. ಅವನು ತಲೆ ತಗ್ಗಿಸಿಕೊಂಡು ಬೆಂಚಿಗೂ ಹೋಗದೆ ನೇರ ಸುರಂಗದೊಳಗೆ ನಡೆದುಹೋದ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ನಾವು ಮೂವರೂ ಮಂಡ್ಯದವನನ್ನು ಕಾಡಿಸುತ್ತಲೇ ಇದ್ದೆವು. ನಾನು ತಿರುಗಿ ನೋಡಿದೆ. ಅವನು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ. "ಅವನದ್ದೇನು ತಪ್ಪು?" ಅಂದ, ಅಷ್ಟೇ. ಯುನೈಟೆಡ್ ಸೋಲಿನ ಬಗ್ಗೆ ನಾನು ಅವನಿಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದು ಆ ರಾತ್ರಿ. ಸುಮಾರು ಎರಡು ವಾರದ ಮೇಲೆ ಎಫ್‌ಎ ಕಪ್‌ನಲ್ಲಿ ಆರ್ಸೆನಲ್ ಎದುರು ಪೆನಾಲ್ಟಿಗಳಲ್ಲಿ ಗೆಲುವಿನ ಕೊನೆಯ ಒದೆತ ಹೊಡೆದದ್ದು ಇದೇ ಜಿರ್ಕ್‌ಜಿ. ಲಿವರ್‌ಪೂಲ್‌ನವನಾದ ನಾನು ಅವತ್ತು ಎದ್ದು ನಿಂತು ಚಪ್ಪಾಳೆ ಹೊಡೆದೆ. ಮಡಿಕೇರಿಯವನಿಗೆ ನನ್ನ ಮೇಲೆ ಕೋಪ ಬಂದಿತ್ತು, ಬರಲಿ.

ಮೇಷ್ಟ್ರ ವಾದ

ಜನವರಿ 5ರಂದು ನಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ ಯುನೈಟೆಡ್ 2-2 ಮಾಡಿಕೊಂಡು ಹೋಯಿತು. ಲೀಗ್‌ನಲ್ಲಿ ಮೊದಲ ಸ್ಥಾನದ ತಂಡದ ಎದುರು 14ನೇ ಸ್ಥಾನದವರು. ಕೊನೆಯಲ್ಲಿ ಮ್ಯಾಗ್ವಾಯರ್ ಹತ್ತಿರದಿಂದ ಮೇಲಕ್ಕೆ ಹೊಡೆಯದಿದ್ದರೆ ಗೆದ್ದೇಬಿಡುತ್ತಿದ್ದರು. ಎರಡು ವಾರ ಕಳೆದು ಬ್ರೈಟನ್ ಎದುರು ತಮ್ಮ ಮೈದಾನದಲ್ಲೇ 1-3. ಆ ಸಂಜೆ ಅಮೊರಿಮ್, ಮ್ಯಾಂಚೆಸ್ಟರ್ ಯುನೈಟೆಡ್ ಇತಿಹಾಸದಲ್ಲೇ ಬಹುಶಃ ಅತಿ ಕೆಟ್ಟ ತಂಡ ನಾವು ಅಂತ ತಾವೇ ಹೇಳಿದರು.

ಮೇಷ್ಟ್ರಿಗೆ ಆ ಮಾತು ಸರಿ ಬರಲಿಲ್ಲ. ಅವರ ವಾದ ಇದು. ಅವರ ಶಾಲೆಯ ಮೈದಾನಕ್ಕೆ ಹದಿನಾಲ್ಕು ಮಕ್ಕಳು ಬರುತ್ತಾರೆ. ಒಬ್ಬನಿಗೆ ಶೂ ಇರುವುದಿಲ್ಲ, ಒಬ್ಬನಿಗೆ ಎಡಗಾಲೇ ಬರುವುದಿಲ್ಲ. "ಬಂದ ಮಕ್ಕಳಲ್ಲೇ ಟೀಮ್ ಕಟ್ಟಬೇಕು. ನನ್ನ ಪ್ಲಾನಿಗೆ ಮಕ್ಕಳು ಸಾಲದು ಅಂತ ಹೇಳುವ ಹಾಗಿಲ್ಲ." ಹಿಂದೆ ನಾಲ್ಕು ಜನ ಇಟ್ಟು ಆಡಿಸಿದರೆ ಇದೇ ಆಟಗಾರರು ಎಂಟೋ ಒಂಬತ್ತೋ ಸ್ಥಾನಕ್ಕೆ ಬರುತ್ತಾರೆ, ವ್ಯಾನ್ ನಿಸ್ಟೆಲ್‌ರೂಯ್ ನಾಲ್ಕು ಪಂದ್ಯದಲ್ಲಿ ತೋರಿಸಲಿಲ್ವಾ ಅಂತ ಕೇಳಿದರು.

ಇದು ಗಟ್ಟಿ ವಾದ. ನನಗೂ ಇದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ಅಮೊರಿಮ್ ಹೇಳುತ್ತಿದ್ದದ್ದು ಇಷ್ಟು: ಸೋತಾಗ ನಾನೇ ನನ್ನ ದಾರಿ ಬಿಟ್ಟರೆ ನಾಳೆ ಆಟಗಾರರು ನನ್ನನ್ನು ಯಾಕೆ ನಂಬುತ್ತಾರೆ? ಅದೂ ಸುಳ್ಳಲ್ಲ. ಆದರೆ ವಾರಕ್ಕೆ ಎರಡು ಪಂದ್ಯ ಬರುವ ತಿಂಗಳುಗಳಲ್ಲಿ ಹೊಸ ಪದ್ಧತಿ ಕಲಿಸಲು ಟ್ರೈನಿಂಗ್ ದಿನಗಳೇ ಉಳಿಯುವುದಿಲ್ಲ. ಪಂದ್ಯ, ವಿಶ್ರಾಂತಿ, ಪ್ರಯಾಣ, ಮತ್ತೆ ಪಂದ್ಯ. ಕಲಿಸಲು ದಿನ ಇಲ್ಲದಿದ್ದಾಗ ಆಟಗಾರರಿಗೆ ಗೊತ್ತಿರುವುದನ್ನೇ ಆಡಿಸಬೇಕಿತ್ತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆದರೂ ಅವರು ಬಗ್ಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಅಷ್ಟರಮಟ್ಟಿಗೆ ಮೇಷ್ಟ್ರು ಗೆದ್ದರು.

ಉಳಿದದ್ದರಲ್ಲಿ ನಾನು ಮಂಡ್ಯದವನ ಕಡೆ. ಯಾಕೆ ಅಂತ ಹೇಳಲು ನಮ್ಮದೇ ಕ್ಲಬ್ಬಿನ ಉದಾಹರಣೆ ಸಾಕು. ಅದೇ 2024ರಲ್ಲಿ ಲಿವರ್‌ಪೂಲ್‌ಗೂ ಹೊಸ ಮ್ಯಾನೇಜರ್ ಬಂದರು. ಯುರ್ಗೆನ್ ಕ್ಲಾಪ್ ಹೋಗಿ ಆರ್ನೆ ಸ್ಲಾಟ್. ಬಂದದ್ದು ಬೇಸಿಗೆಯಲ್ಲಿ. ಸೀಸನ್‌ಗೆ ಮುಂಚಿನ ತರಬೇತಿ ಪೂರ್ತಿ ಸಿಕ್ಕಿತು. ಹಿಂದೆ ನಾಲ್ಕು ಜನ ಇರುವ ತಂಡವೇ ಅವರಿಗೂ ಬೇಕಿತ್ತು, ಹಿಂದಿನವರು ಅದನ್ನೇ ಬಿಟ್ಟುಹೋಗಿದ್ದರು. ಆ ಸೀಸನ್‌ಗೆ ಹೊಸದಾಗಿ ಬಂದದ್ದು ಕಿಯೇಸಾ ಒಬ್ಬನೇ. ತಂಡದಲ್ಲೇ ಇದ್ದ ಗ್ರಾವೆನ್‌ಬರ್ಕ್‌ನನ್ನು ಮಧ್ಯದಲ್ಲಿ ಸ್ವಲ್ಪ ಹಿಂದಕ್ಕೆ ನಿಲ್ಲಿಸಿದರು, ಅಷ್ಟೇ ದೊಡ್ಡ ಬದಲಾವಣೆ. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮ್‌ಗೆ 5-1 ಹೊಡೆದು, ಇನ್ನೂ ನಾಲ್ಕು ಪಂದ್ಯ ಇರುವಾಗಲೇ ಲೀಗ್ ಗೆದ್ದೆವು. ಸ್ಲಾಟ್ ದೊಡ್ಡ ಕೋಚ್, ಅನುಮಾನ ಇಲ್ಲ. ಆದರೆ ಅವರಿಗೆ ಸಿಕ್ಕಿದ್ದು ಅವರದೇ ತಳಿಯ ಕೂಳೆ. ಒಳ್ಳೆಯ ಬುಡ, ಸಮಯಕ್ಕೆ ನೀರು.

ಯುನೈಟೆಡ್‌ನಲ್ಲಿ ಏನಾಯಿತು? ಆರು ತಿಂಗಳ ಹಿಂದೆ ಒಬ್ಬ ಕೋಚ್‌ಗೆ ಬೇಕಾದ ಆಟಗಾರರನ್ನು ಕೊಂಡರು. ಅವರನ್ನೇ ತೆಗೆದರು. ಆಟಗಾರರನ್ನು ಆರಿಸಲು ನ್ಯೂಕ್ಯಾಸಲ್‌ನಿಂದ ಕಾದು ಕರೆತಂದ ಡ್ಯಾನ್ ಆಶ್‌ವರ್ತ್ ಐದೇ ತಿಂಗಳಿಗೆ ಡಿಸೆಂಬರ್‌ನಲ್ಲಿ ಹೊರಟುಹೋದರು. ಆ ವರ್ಷ 250ರಷ್ಟು ನೌಕರರ ಕೆಲಸ ತೆಗೆದರು, ಫೆಬ್ರವರಿಯಲ್ಲಿ ಇನ್ನೂ 150ರಿಂದ 200 ಜನರ ಕೆಲಸ ಹೋಗುತ್ತದೆ ಅಂತ ಹೇಳಿದರು. ಟಿಕೆಟ್ ಕೌಂಟರಿನವರು, ಆಫೀಸಿನವರು ಮಾಡಿದ ತಪ್ಪೇನು? ಮೈದಾನದ ತೀರ್ಮಾನಗಳಿಗೆ ಅವರು ಬೆಲೆ ತೆತ್ತರು. ಇದನ್ನು ನೋಡಿ ಸಂತೋಷಪಡುವ ಎದುರಾಳಿ ಅಭಿಮಾನಿ ಇದ್ದರೆ ಅವರ ಜೊತೆ ನನಗೆ ಕೂರಲು ಇಷ್ಟವಿಲ್ಲ.

ಜನವರಿ ಕೊನೆಗೆ, ಫೆಬ್ರವರಿ ಮೊದಲಿಗೆ ಕೊಂಚ ದುರಸ್ತಿ ನಡೆಯಿತು. ಆಂಟನಿ ಬೆಟಿಸ್‌ಗೆ, ರಾಶ್‌ಫೋರ್ಡ್ ಆಸ್ಟನ್ ವಿಲ್ಲಾಗೆ ಸೀಸನ್ ಮುಗಿಯುವವರೆಗೆ ಎರವಲು ಹೋದರು. ಇಟಲಿಯ ಲೆಚ್ಚೆಯಿಂದ ಪ್ಯಾಟ್ರಿಕ್ ಡೊರ್ಗು ಬಂದ, ನಿಜವಾದ ಎಡಗಾಲಿನ ವಿಂಗ್ ಬ್ಯಾಕ್, ವಯಸ್ಸು ಇಪ್ಪತ್ತು. ಕೂಳೆಯಲ್ಲಿ ಹುಸಿ ಹೋದ ಕಡೆ ಒಂದು ಸಸಿ ನೆಟ್ಟರು ಅಂತ ಮಂಡ್ಯದವನು ಹೇಳಿದ. ಅದೇ ವಾರ ಲಿಸಾಂಡ್ರೊ ಮಾರ್ಟಿನೆಜ್ ಮೊಣಕಾಲಿಗೆ ದೊಡ್ಡ ಗಾಯ ಮಾಡಿಕೊಂಡ. ಚೆಂಡನ್ನು ಹಿಂದಿನಿಂದ ಮುಂದಕ್ಕೆ ತರುತ್ತಿದ್ದ ಮುಖ್ಯ ಡಿಫೆಂಡರ್ ಅವನೇ.

ಬಿಲ್ಬಾವೊ

ಲೀಗ್‌ನ ಉಳಿದ ಭಾಗದ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಲೆಕ್ಕ ಇದು: ಅಮೊರಿಮ್ ಕೈಗೆ ಬಂದಾಗ 11 ಪಂದ್ಯ, 15 ಪಾಯಿಂಟ್, 13ನೇ ಸ್ಥಾನ. ಅವರ ಕೈಯಲ್ಲಿ 27 ಪಂದ್ಯ, 27 ಪಾಯಿಂಟ್. ಗೆದ್ದದ್ದು 7, ಸೋತದ್ದು 14. ಕೊನೆಗೆ 42 ಪಾಯಿಂಟ್, 15ನೇ ಸ್ಥಾನ. 1973-74ರಲ್ಲಿ ಕೆಳ ದರ್ಜೆಗೆ ಇಳಿದ ನಂತರದ ಅತಿ ಕೆಟ್ಟ ಸೀಸನ್. 38 ಪಂದ್ಯಕ್ಕೆ ಬರೀ 44 ಗೋಲು. ಸ್ಟ್ರೈಕರ್ ಹೊಯ್ಲುಂಡ್ ಲೀಗ್‌ನಲ್ಲಿ ಹೊಡೆದದ್ದು ನಾಲ್ಕು.

ಆದರೆ ಯುರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಕಪ್ ಆದ ಯುರೋಪಾ ಲೀಗ್‌ನಲ್ಲಿ ಇದೇ ತಂಡ ಫೈನಲ್ ತನಕ ಹೋಯಿತು. ಏಪ್ರಿಲ್ 17ರಂದು ಲಿಯಾನ್ ಎದುರು ಹೆಚ್ಚುವರಿ ಸಮಯದಲ್ಲಿ, 114ನೇ ನಿಮಿಷದವರೆಗೆ 2-4ರಲ್ಲಿದ್ದವರು ಮುಗಿಸಿದ್ದು 5-4ರಲ್ಲಿ. ಬ್ರೂನೋ, ಮೈನೂ, ಕೊನೆಗೆ ಮ್ಯಾಗ್ವಾಯರ್ ತಲೆ. ಮಂಡ್ಯದವನು ಅವತ್ತು ಊರಲ್ಲಿದ್ದ. ಬೆಳಗಿನ ಜಾವ ಮೂರು ದಾಟಿತ್ತು, ನನಗೆ ಫೋನ್ ಮಾಡಿದ, ಮಾತೇ ಆಡಲಿಲ್ಲ, ಹಿಂದೆ ಅವರ ಮನೆ ನಾಯಿ ಬೊಗಳುವುದು ಕೇಳುತ್ತಿತ್ತು.

ಫೈನಲ್ ಬಿಲ್ಬಾವೊದಲ್ಲಿ, ಟಾಟನ್‌ಹ್ಯಾಮ್ ಎದುರು. ಆ ಹೊತ್ತಿಗೆ ಲೀಗ್‌ನ 16ನೇ ಮತ್ತು 17ನೇ ಸ್ಥಾನದಲ್ಲಿದ್ದವರು ಯುರೋಪಿನ ಒಂದು ಕಪ್‌ಗೆ ಹೊಡೆದಾಡಿದರು. ಗೆದ್ದವರಿಗೆ ಚಾಂಪಿಯನ್ಸ್ ಲೀಗ್, ಸೋತವರಿಗೆ ಮುಂದಿನ ವರ್ಷ ಯುರೋಪಿನಲ್ಲಿ ಏನೂ ಇಲ್ಲ. ಮೇ 22ರ ರಾತ್ರಿ ಹನ್ನೆರಡೂವರೆಗೆ ನಾಲ್ವರೂ ಕೂತೆವು. 42ನೇ ನಿಮಿಷಕ್ಕೆ ಒಂದು ಕ್ರಾಸ್ ಬಂತು, ಬ್ರೆನನ್ ಜಾನ್ಸನ್ ಮತ್ತು ಲ್ಯೂಕ್ ಶಾ ಇಬ್ಬರ ಮೈಗೂ ತಾಗಿ ಚೆಂಡು ನಿಧಾನಕ್ಕೆ ಒಳಗೆ ಹೋಯಿತು. ಅಷ್ಟೇ ಗೋಲು. ಎರಡನೇ ಭಾಗದಲ್ಲಿ ಹೊಯ್ಲುಂಡ್ ತಲೆಯಿಂದ ಹೊಡೆದ ಚೆಂಡು ಖಾಲಿ ಗೋಲಿನೊಳಗೆ ಇಳಿಯುತ್ತಿತ್ತು. ಟಾಟನ್‌ಹ್ಯಾಮ್‌ನ ವ್ಯಾನ್ ಡಿ ವೆನ್ ಗಾಳಿಯಲ್ಲಿ ಹಾರಿ, ಗೆರೆಯ ಮೇಲಿಂದ ಕಾಲಿನಲ್ಲಿ ಆಚೆ ತೆಗೆದ. ಮಂಡ್ಯದವನು ಅರ್ಧ ಎದ್ದಿದ್ದ, ಹಾಗೇ ಕೂತ. ಆ ಸೀಸನ್ ಟಾಟನ್‌ಹ್ಯಾಮ್ ಎದುರು ನಾಲ್ಕು ಸಲ ಆಡಿ ನಾಲ್ಕು ಸಲವೂ ಸೋತರು.

ಮೇಷ್ಟ್ರು, ಮಡಿಕೇರಿಯವನು ಮನೆಗೆ ಹೋದರು. ಮಂಡ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಕೋಚ್ ಬೇಡ ಅಂತ ಅವನು ಹೇಳಬಹುದು ಅಂದುಕೊಂಡಿದ್ದೆ. ಹೇಳಲಿಲ್ಲ. ಕೇರಂ ಬೋರ್ಡ್ ಎಳೆದುಕೊಂಡು ಬಿಳಿ ಕಾಯಿಗಳನ್ನು ಜೋಡಿಸಿದ. ಮೂರು, ನಾಲ್ಕು, ಎರಡು, ಒಂದು. ಆಮೇಲೆ ಒಂದೊಂದಾಗಿ ತೆಗೆಯತೊಡಗಿದ. ಬಲಬದಿಯದು ತೆಗೆದ. ಮಧ್ಯದಲ್ಲಿ ಒಂದು. ಹತ್ತನೇ ನಂಬರ್‌ನಲ್ಲಿ ಒಂದು. ತುದಿಯದು. ಎಡಬದಿಯ ಡೊರ್ಗುನನ್ನು ಮುಟ್ಟಲಿಲ್ಲ. ರೆಡ್ ಅಲ್ಲೇ ಇತ್ತು.

"ಈಗ ಹೇಳು, ಯಾರನ್ನ ತರಬೇಕು?" ಅಂದ.

ನಾನು ಮೊದಲು ಕುನ್ಯಾ ಹೆಸರು ಹೇಳಿದೆ. ಅವನು ಒಪ್ಪಿ ಒಂದು ಕಾಯಿ ವಾಪಸ್ ಇಟ್ಟ. ಸ್ಟ್ರೈಕರ್ ವಿಷಯದಲ್ಲಿ ಜಗಳ ಬಂತು. ಮೊದಲ ಬಸ್ಸಿನ ಹೊತ್ತಾದರೂ ಅದು ಮುಗಿದಿರಲಿಲ್ಲ, ಸಬರ್ಬ್ ಬಸ್ ಸ್ಟ್ಯಾಂಡ್ ತನಕ ಜಗಳ ಆಡಿಕೊಂಡೇ ನಡೆದೆವು.